ಲಗಾಮು ನಿಮ್ಮ ಕೈಯಲ್ಲಿರಲಿ



ಪದವಿ ಪಡೆಯುವ ದಿನ ಮುಂದಿನ ದಾರಿಯ ಮಾತಾಡುವುದು ವಾಡಿಕೆ. ನಾನು ಬಹಳ ದಾರಿ ಸವೆಸಿದ ಒಬ್ಬ ಹೆಣ್ಣುಮಗಳನ್ನು ನೆನೆಯಬೇಕೆಂದಿದ್ದೇನೆ. ಆಕೆ ಚಾಂದ್ ಬೀಬಿ. 1550ರ ಸುಮಾರಿಗೆ ಅಹಮದ್‌ನಗರದ ಅರಮನೆಯಲ್ಲಿ ಹುಟ್ಟಿದವಳು, ಹುಸೇನ್ ನಿಜಾಮ್‌ಷಾಹನ ಮಗಳು. ವಿಜಯಪುರದ ಒಂದನೆಯ ಅಲಿ ಆದಿಲ್‌ಷಾಹನನ್ನು ಮದುವೆಯಾಗಿ ಕನ್ನಡ ನಾಡಿಗೆ ಬಂದಳು. ವಿಜಯನಗರದ ವಿರುದ್ಧ ಸುಲ್ತಾನರು ಒಂದಾಗಲು ಬೆಸೆದ ಸಂಬಂಧ ಅದು. ಆ ಸುಲ್ತಾನರು ವಿಜಯನಗರವನ್ನು ಸೋಲಿಸಿದ 1565ರ ಜನವರಿಯ ಯುದ್ಧ ಮುಗಿದ ಮೇಲೆ ರಾಯಚೂರು, ಮುದಗಲ್ಲು ಕೋಟೆಗಳು ಮತ್ತೆ ವಿಜಯಪುರದ ಕೈಸೇರಿದವು. ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡು ಆಕೆ ರಾಣಿಯಾಗಿದ್ದ ರಾಜ್ಯದ ಭಾಗವಾಯಿತು.

ಆ ಕಾಲದ ದಖ್ಖನಿನಲ್ಲಿ ಕುದುರೆಯೆಂದರೆ ಬಲ. ಒಳ್ಳೆಯ ಕುದುರೆಗಳು ಅರಬಸ್ತಾನ, ಪರ್ಷಿಯಾಗಳಿಂದ ಹಡಗೇರಿ ಗೋವಾಕ್ಕೆ ಬಂದಿಳಿಯುತ್ತಿದ್ದವು. 1520ರ ರಾಯಚೂರು ಯುದ್ಧಕ್ಕೂ ಕುದುರೆ ತರಲೆಂದು ಕೃಷ್ಣದೇವರಾಯ ಕೊಟ್ಟ ಹಣ ಒಂದು ನೆಪವಾಯಿತೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಗಂಡಸರು ಹೀಗೆ ಯಾವುದಕ್ಕಾಗಿ ಹೊಡೆದಾಡಿದರೋ ಆ ಕುದುರೆಯನ್ನು ಚಾಂದ್ ಬೀಬಿ ಪ್ರೀತಿಯಿಂದ ಏರಿದಳು. ಗಂಡನ ಜೊತೆ ಬೇಟೆಗೂ ದಂಡಿಗೂ ಹೋದಳು. ಅರಬ್ಬಿ, ಪಾರಸಿ, ತುರ್ಕಿ, ಮರಾಠಿಯ ಜೊತೆಗೆ ಕನ್ನಡವೂ ಆಕೆಗೆ ಬರುತ್ತಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಆಕೆ ತೀರಿಕೊಂಡ ಸುಮಾರು ನೂರು ವರ್ಷದ ಮೇಲೂ ದಖ್ಖನಿನ ಕಲಾವಿದರು ಆಕೆಯನ್ನು ಕುದುರೆಯ ಮೇಲೆ ಡೇಗೆ ಹಿಡಿದು ಬೇಟೆಗೆ ಹೊರಟವಳಾಗಿಯೇ ಚಿತ್ರಿಸಿದರು. ಅಂಥದೊಂದು ಚಿತ್ರ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಸುರಪುರದಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಆಕೆಯ ಕಾಲದ ಕಥೆಯನ್ನು ‘ಎ ನೋಬಲ್ ಕ್ವೀನ್’ ಕಾದಂಬರಿಯಾಗಿಸಿದ. 1878ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು, ಜಲದುರ್ಗಗಳೂ ಬರುತ್ತವೆ.

1580ರಲ್ಲಿ ಗಂಡನ ಕೊಲೆಯಾಯಿತು. ಮಕ್ಕಳಿರಲಿಲ್ಲ. ಮೈದುನನ ಒಂಬತ್ತು ವರ್ಷದ ಮಗ ಇಬ್ರಾಹಿಂ ಸಿಂಹಾಸನವೇರಿದ, ಅವನನ್ನು ಕಾಯುವ ಹೊಣೆ ಈಕೆಯ ಪಾಲಿಗೆ ಬಂತು. ಅಧಿಕಾರದಾಸೆಯ ಮಂತ್ರಿಯೊಬ್ಬ ಆಕೆಯನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಬಿಡುಗಡೆಯಾಗಿ ಬಂದವಳು ಮತ್ತೆ ಅದೇ ಹೊಣೆಗೆ ಹೆಗಲು ಕೊಟ್ಟಳು. ಆ ಹುಡುಗನೇ ಮುಂದೆ ಸಂಗೀತವನ್ನೂ ಸರಸ್ವತಿಯನ್ನೂ ಆರಾಧಿಸಿದ ಎರಡನೆಯ ಇಬ್ರಾಹಿಂ ಆದಿಲ್‌ಷಾಹ.

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ನಮ್ಮ ಮನೆಗಳಲ್ಲಿ ಇನ್ನೂ ಕೇಳಿಸುತ್ತದೆ. ಆದರೆ 1595ರ ಕೊನೆಗೆ ಅಕ್ಬರನ ಮಗ ಮುರಾದ್ ಅಹಮದ್‌ನಗರವನ್ನು ಮುತ್ತಿದಾಗ ತವರಿನ ಕೋಟೆಯನ್ನು ಕಾಯಲು ನಿಂತವಳು ಆ ಮನೆಯಿಂದ ಕೊಟ್ಟ ಹೆಣ್ಣೇ. ಮೊಗಲರು ಗೋಡೆಯಡಿ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿದರು. ಗೋಡೆ ಬಿರಿಯಿತು, ಸರದಾರರು ಕಾಲ್ತೆಗೆಯತೊಡಗಿದರು. ಮುಸುಕು ಹೊದ್ದು, ಕತ್ತಿ ಹಿರಿದು ಆಕೆ ಆ ಬಿರುಕಿಗೇ ಬಂದು ನಿಂತಳು. ದಿನವಿಡೀ ಕಾದಾಡಿಸಿ, ರಾತ್ರಿಯಲ್ಲೇ ಗೋಡೆ ಕಟ್ಟಿಸಿದಳು. ಅತ್ತ ವಿಜಯಪುರದಿಂದ, ಆಕೆ ಸಾಕಿದ ಇಬ್ರಾಹಿಂ ಸುಹೇಲ್‌ಖಾನನ ಕೈಕೆಳಗೆ ದಂಡು ಕಳಿಸಿದ. ಕೊಟ್ಟ ಮನೆ ಹುಟ್ಟಿದ ಮನೆಗೆ ಒದಗಿತು. 1596ರಲ್ಲಿ ಬೇರಾರ್ ಪ್ರಾಂತವನ್ನು ಬಿಟ್ಟುಕೊಟ್ಟು ಆಕೆ ಕೋಟೆಯನ್ನೂ ಜನರನ್ನೂ ಉಳಿಸಿದಳು.

1600ರಲ್ಲಿ ಮೊಗಲರು ಮತ್ತೆ ಬಂದರು. ಈ ಸಲ ಕಾದು ಗೆಲ್ಲುವ ಬಲವಿಲ್ಲವೆಂದು ಅರಿತು ಆಕೆ ಸಂಧಿಯ ಮಾತೆತ್ತಿದಳು. ರಾಣಿ ದ್ರೋಹ ಬಗೆದಿದ್ದಾಳೆಂದು ಒಬ್ಬ ಕೂಗೆಬ್ಬಿಸಿದ. ಕೇಳಿದ ಸೈನಿಕರು ನುಗ್ಗಿ ತಮ್ಮನ್ನು ಕಾದವಳನ್ನೇ ಕೊಂದರು. ಕೆಲವೇ ದಿನಗಳಲ್ಲಿ ಕೋಟೆಯೂ ಬಿತ್ತು. ಒಂದು ಸುಳ್ಳು ಸುದ್ದಿಗೆ ಒಂದು ರಾಜಧಾನಿ ತೆತ್ತ ಬೆಲೆ ಇದು. ಸುದ್ದಿ ಕಿವಿಗೆ ಬಿದ್ದಾಗ ಕೈ ಎತ್ತುವ ಮುನ್ನ ನಿಜವೇನೆಂದು ವಿಚಾರಿಸುವುದು ಓದಿದವರ ಮೊದಲ ಕರ್ತವ್ಯ.

‘ಅವಳು ರಾಣಿ, ಲಾಯದ ತುಂಬ ಕುದುರೆ, ನಮಗೇನಿದೆ?’ ಎಂದು ನಿಮಗನ್ನಿಸಬಹುದು. ಅದಕ್ಕೆ ನಮ್ಮ ಮಸ್ಕಿಯ ಬಂಡೆಶಾಸನ ಉತ್ತರ ಕೊಟ್ಟಿದೆ. 1915ರಲ್ಲಿ ಬೆಳಕಿಗೆ ಬಂದು ಅಶೋಕನ ಹೆಸರನ್ನೇ ಹೊತ್ತ ಆ ಶಾಸನದಲ್ಲಿ ಸಾಮ್ರಾಟ ಹೇಳುವುದಿಷ್ಟು: ಧರ್ಮದ ಹಾದಿಯಲ್ಲಿ ದೊಡ್ಡದನ್ನು ಸಾಧಿಸುವುದು ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿ, ಸಣ್ಣವರಿಗೂ ಅದು ಸಾಧ್ಯ.

ಹೆಣ್ಣುಮಕ್ಕಳೆ, ಲಗಾಮು ಹಿಡಿಯಲು ಕಲಿಯಿರಿ. ಬೈಕು, ಟ್ರ್ಯಾಕ್ಟರ್, ಬ್ಯಾಂಕಿನ ಖಾತೆ, ಹೊಲದ ಪಹಣಿ, ಯಾವುದಾದರೂ ಸರಿ, ನಡೆಸುವುದನ್ನು ನೀವೇ ಕಲಿಯಿರಿ. ಹೋದ ಊರಿನ ಭಾಷೆಯನ್ನೂ ಕಲಿಯಿರಿ. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಆಡುವ ಸಿಂಧನೂರಿನ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಲ್ಲಿ ನಿಂತರೂ ಆ ಊರಿನ ಹೊಣೆ ನಿಮ್ಮದೂ ಹೌದೆಂದು ತಿಳಿಯಿರಿ.

ತಂದೆತಾಯಂದಿರೆ, ಮಗಳು ದೂರ ಹೋದರೆ ಕಳೆದುಕೊಂಡೆವೆಂದು ಅಂಜಬೇಡಿ. ಲೋಕ ಕಂಡ ಮಗಳೇ ಕಷ್ಟಕಾಲದಲ್ಲಿ ತವರಿಗೆ ಗೋಡೆಯಾಗಿ ನಿಂತಳು. ಗಂಡುಮಕ್ಕಳೆ, ಅಕ್ಕತಂಗಿಯರು ಮುಂದೆ ಹೊರಟಾಗ ದಾರಿ ಬಿಡಿ, ಬೇಕಾದಾಗ ಜೊತೆಗೆ ನಡೆಯಿರಿ.

ಕೊನೆಗೆ ಒಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮ ಓಣಿಯಲ್ಲಿ ಹತ್ತನೆಯ ತರಗತಿಗೇ ಓದು ಬಿಟ್ಟು ಕುಳಿತ ಹುಡುಗಿ ಇದ್ದಾಳು. ಈ ವರ್ಷ ಅವಳ ಮನೆಗೆ ಹೋಗಿ ಹಿರಿಯರೊಡನೆ ಮಾತಾಡಿ, ಅರ್ಜಿ ತುಂಬಿಸಿ, ಕಾಲೇಜಿಗೆ ಸೇರಿಸಿ. ಪ್ರತಿಯೊಬ್ಬರೂ ಒಬ್ಬಳನ್ನು ಹೀಗೆ ಸೇರಿಸಿದರೆ ಇಂದು ನೀವು ಪಡೆದ ಪದವಿ ಸಾರ್ಥಕ. ನಿಮಗೆ ಒಳ್ಳೆಯದಾಗಲಿ.