ನೆರಳು ಓದುವ ಕಣ್ಣಿಗೆ ಪರೀಕ್ಷೆ

ಆಸ್ಪತ್ರೆಗೆ ಹೊಸ ಎಕ್ಸ್‌ರೇ ಯಂತ್ರ ಬಂದರೆ ಅದು ಎಷ್ಟು ಚೆನ್ನಾಗಿ ಚಿತ್ರ ತೆಗೆಯುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಆ ಚಿತ್ರ ನೋಡಿ ಇದು ಕ್ಯಾನ್ಸರ್, ಇದು ಅಲ್ಲ ಎಂದು ಹೇಳುವ ಕಣ್ಣು ಎಷ್ಟು ಸರಿ ಎಂದು ವಿಚಾರಿಸುವ ಅಭ್ಯಾಸ ವೈದ್ಯಲೋಕಕ್ಕೆ ಬಹಳ ತಡವಾಗಿ ಬಂತು. ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಾಂ, ಓದುವ ರೇಡಿಯಾಲಜಿಸ್ಟರನ್ನು ಅಳೆದ ಕಥೆ ಇವತ್ತಿನದು. ವಿಚಿತ್ರವೆಂದರೆ ಈ ಕಥೆ ಶುರುವಾಗುವುದು ಶ್ವಾಸಕೋಶದಿಂದ.

ಎರಡನೆಯ ಮಹಾಯುದ್ಧ ಮುಗಿದ ಹೊತ್ತು. ಕ್ಷಯರೋಗಿಗಳನ್ನು ಹುಡುಕಲು ಅಮೆರಿಕದಲ್ಲಿ ಸಾಮೂಹಿಕವಾಗಿ ಎದೆಯ ಎಕ್ಸ್‌ರೇ ತೆಗೆಯುತ್ತಿದ್ದರು. ದೊಡ್ಡ ಫಿಲ್ಮೇ ಬೇಕೋ, 35 ಮಿಲಿಮೀಟರಿನ ಚಿಕ್ಕ ಫಿಲ್ಮ್ ಸಾಕೋ ಎಂಬುದು ಆಗಿನ ಚಿಂತೆ. ಇದನ್ನು ತೀರ್ಮಾನಿಸಲು 1256 ಜನರ ಎದೆಯ ಚಿತ್ರವನ್ನು ನಾಲ್ಕು ಬಗೆಯಲ್ಲಿ ತೆಗೆದು, ಐವರು ನುರಿತವರ ಮುಂದಿಟ್ಟರು. 1947ರಲ್ಲಿ ಫಲಿತಾಂಶ ಅಚ್ಚಾದಾಗ ಫಿಲ್ಮಿನ ಪ್ರಶ್ನೆಯೇ ಮೂಲೆಗೆ ಸರಿಯಿತು. ಒಂದು ಬಗೆಯ ಫಿಲ್ಮಿಗೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸಕ್ಕಿಂತ ಒಬ್ಬ ಓದುಗನಿಗೂ ಇನ್ನೊಬ್ಬನಿಗೂ ಇದ್ದ ವ್ಯತ್ಯಾಸ ದೊಡ್ಡದಾಗಿತ್ತು. ಅದೇ ಚಿತ್ರಗಳನ್ನು ಎರಡನೆಯ ಸಲ ಕೊಟ್ಟರೆ, ತಾವೇ ಹಿಂದೆ ಹೇಳಿದ್ದಕ್ಕೆ ವಿರುದ್ಧವಾಗಿ ಹೇಳಿದವರಿದ್ದರು.

ಈ ಲೆಕ್ಕದ ಹಿಂದೆ ಇದ್ದವರು ಜೇಕಬ್ ಯೆರುಶಾಲ್ಮಿ ಎಂಬ ಸಂಖ್ಯಾಶಾಸ್ತ್ರಜ್ಞ. ಇಂದು ಪ್ರತಿ ವೈದ್ಯ ವಿದ್ಯಾರ್ಥಿ ಕಲಿಯುವ ಎರಡು ಅಳತೆಗಳನ್ನು ಅವರು ಅದೇ ವರ್ಷ ಈ ಅರ್ಥದಲ್ಲಿ ಮುಂದಿಟ್ಟರು. ರೋಗ ಇರುವವರಲ್ಲಿ ಎಷ್ಟು ಮಂದಿಯನ್ನು ಹಿಡಿದಿರಿ ಎನ್ನುವುದು ಸೆನ್ಸಿಟಿವಿಟಿ. ರೋಗ ಇಲ್ಲದವರಲ್ಲಿ ಎಷ್ಟು ಮಂದಿಗೆ ಇಲ್ಲವೆಂದೇ ಹೇಳಿದಿರಿ ಎನ್ನುವುದು ಸ್ಪೆಸಿಫಿಸಿಟಿ. ಮುಂದಿನ ಕಥೆಯೆಲ್ಲ ಈ ಎರಡರ ನಡುವಿನ ಜಗ್ಗಾಟ.

ಆದರೆ ಈ ಸುದ್ದಿಯನ್ನು ರೇಡಿಯಾಲಜಿಸ್ಟರ ಮನೆಬಾಗಿಲಿಗೇ ಒಯ್ದು ಹೇಳಿದವರು ಬೇರೊಬ್ಬರು. ಅವರ ಹೆಸರು ಹೆನ್ರಿ ಗಾರ್ಲೆಂಡ್. ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ, ವೃತ್ತಿ ನಡೆಸಿದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಉತ್ತರ ಅಮೆರಿಕದ ರೇಡಿಯಾಲಜಿ ಸಂಘಕ್ಕೆ ಅವರು ಅಧ್ಯಕ್ಷರಾದರು. ಅಧ್ಯಕ್ಷ ಭಾಷಣ ಎಂದರೆ ಹೇಗಿರುತ್ತದೆ, ನಿಮಗೆ ಗೊತ್ತು: ಸಂಘದ ಸಾಧನೆ, ಹಿರಿಯರ ಸ್ಮರಣೆ, ಭವಿಷ್ಯದ ಹಾರೈಕೆ. 1949ರಲ್ಲಿ ಅಚ್ಚಾದ ಗಾರ್ಲೆಂಡರ ಭಾಷಣ ಆ ಜಾತಿಯದಲ್ಲ. ರೋಗಪತ್ತೆಯ ವಿಧಾನಗಳನ್ನು ವೈಜ್ಞಾನಿಕವಾಗಿ ತೂಗಿ ನೋಡುವುದು ಹೇಗೆ ಎಂಬುದೇ ಅದರ ವಿಷಯ. ಅನುಭವಸ್ಥ ಕಣ್ಣುಗಳೇ ರೋಗ ಇರುವ ಎದೆಚಿತ್ರಗಳಲ್ಲಿ ಸುಮಾರು 30 ಪ್ರತಿಶತವನ್ನು ಕೈಬಿಡುತ್ತಿವೆ ಎಂದು ಆ ಸಂಘದ ಸದಸ್ಯರಿಗೇ ಅವರು ಹೇಳಿದರು. ತನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದವರ ಎದುರು ನಿಂತು, ನಮ್ಮ ಕೆಲಸದಲ್ಲಿ ಇಷ್ಟು ತಪ್ಪಿದೆ ಎನ್ನುವ ಎದೆಗಾರಿಕೆ ಎಷ್ಟು ಜನರಿಗಿದ್ದೀತು? ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಹತ್ತು ವರ್ಷದ ನಂತರವೂ ಅದೇ ವಿಷಯಕ್ಕೆ ಇನ್ನಷ್ಟು ಪುರಾವೆ ಕಲೆಹಾಕಿ ಬರೆದರು. ಈ ಕಥೆಯ ನಿಜವಾದ ನಾಯಕ ಅವರೇ.

ಗಾರ್ಲೆಂಡ್ ತಪ್ಪನ್ನು ತೋರಿಸಿದರು. ಆ ತಪ್ಪಿನ ಸ್ವರೂಪ ಬಿಡಿಸಿಟ್ಟದ್ದು ಲೀ ಲಸ್ಟೆಡ್ ಎಂಬ ರೇಡಿಯಾಲಜಿಸ್ಟ್. 1960ರಲ್ಲಿ ಅವರು ಬೇರೆ ಬೇರೆ ವೈದ್ಯರು ಎದೆಚಿತ್ರ ಓದಿದ ಅಂಕಿಗಳನ್ನು ಒಂದು ಹಾಳೆಯ ಮೇಲೆ ಗುರುತು ಮಾಡಿದರು. ಚುಕ್ಕೆಗಳು ಎಲ್ಲೆಂದರಲ್ಲಿ ಚೆದುರಲಿಲ್ಲ, ಒಂದು ಬಾಗಿದ ಗೆರೆಯ ಉದ್ದಕ್ಕೂ ಸಾಲಾಗಿ ನಿಂತವು. ಕಡಿಮೆ ಕೈಬಿಟ್ಟವರು ಹೆಚ್ಚು ಸುಳ್ಳು ಎಚ್ಚರಿಕೆ ಕೊಟ್ಟಿದ್ದರು, ಸುಳ್ಳು ಎಚ್ಚರಿಕೆ ಕಡಿಮೆ ಮಾಡಿದವರು ಹೆಚ್ಚು ಕೈಬಿಟ್ಟಿದ್ದರು. ಈ ಬಗೆಯ ಗೆರೆ ಬೆಳೆದದ್ದು ರೇಡಾರ್ ಲೋಕದಲ್ಲಿ. ಪರದೆಯ ಮೇಲೆ ಮಿನುಗಿದ್ದು ಶತ್ರುವಿಮಾನವೋ ಬರೀ ಗದ್ದಲವೋ ಎಂದು ಕ್ಷಣದಲ್ಲಿ ಹೇಳಬೇಕಾದ ಸೈನಿಕನಿಗೂ, ಫಿಲ್ಮಿನ ಮುಂದೆ ಕುಳಿತ ವೈದ್ಯನಿಗೂ ಇಕ್ಕಟ್ಟು ಒಂದೇ. ಕಣ್ಣಿನ ಚುರುಕು ಒಂದು, ಎಲ್ಲಿ ಗೆರೆ ಎಳೆದು ಇನ್ನು ಅನುಮಾನಿಸಲೇಬೇಕು ಎನ್ನುತ್ತಾರೆ ಎಂಬುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ಅಳೆಯಬಹುದು ಎಂದು ಗೊತ್ತಾದದ್ದು ದೊಡ್ಡ ಬಿಡುಗಡೆ.

ಇನ್ನು ಸ್ತನದ ಕಡೆಗೆ. ಹಳೆಯದನ್ನು ಬೇಗ ಮುಗಿಸೋಣ. 1913ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸುಮಾರು 3000 ಸ್ತನಗಳ ಎಕ್ಸ್‌ರೇ ಅಧ್ಯಯನ ಪ್ರಕಟಿಸಿದರು. 1930ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಸ್ಟ್ಯಾಫರ್ಡ್ ವಾರೆನ್ ಜೀವಂತ ಹೆಂಗಸರಲ್ಲಿ ಅದೇ ಪ್ರಯತ್ನ ಮಾಡಿದರು. ಉರುಗ್ವೆಯ ರಾವುಲ್ ಲೆಬೋರ್ನ್ಯೆ ಸ್ತನವನ್ನು ಒತ್ತಿ ಹಿಡಿದು ಚಿತ್ರ ತೆಗೆದು, ಕ್ಯಾನ್ಸರಿನ ಗುರುತಾದ ಪುಡಿ ಪುಡಿ ಸುಣ್ಣದ ಚುಕ್ಕೆಗಳ ಕಡೆಗೆ ಗಮನ ಸೆಳೆದರು.

ರಾಬರ್ಟ್ ಈಗನ್ ಹತ್ತಿರ ಸ್ವಲ್ಪ ನಿಲ್ಲಬೇಕು. ಟೆಕ್ಸಾಸಿನ ಹೂಸ್ಟನ್‌ನಲ್ಲಿರುವ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ 1956ರಿಂದ ಅವರು ಮ್ಯಾಮೊಗ್ರಾಂನ ಹಿಂದೆ ಬಿದ್ದರು. ಕೈಗಾರಿಕೆಗೆ ಬಳಸುವ ಸೂಕ್ಷ್ಮ ಫಿಲ್ಮ್ ತಂದು ಚಿತ್ರವನ್ನು ನಿಚ್ಚಳಗೊಳಿಸಿದ್ದು ಅವರ ಕೀರ್ತಿ ಎಂದು ಪುಸ್ತಕಗಳು ಹೇಳುತ್ತವೆ. ಅಳತೆಯ ದೃಷ್ಟಿಯಿಂದ ನೋಡಿದರೆ ಅವರ ಇನ್ನೊಂದು ಪದ್ಧತಿ ಅದಕ್ಕಿಂತ ಮಿಗಿಲು. ಶಸ್ತ್ರಚಿಕಿತ್ಸೆಗೆ ಮೊದಲೇ ತನ್ನ ಅಭಿಪ್ರಾಯ ಬರೆದಿಡುವುದು, ಆಮೇಲೆ ಸೂಕ್ಷ್ಮದರ್ಶಕದ ವರದಿ ಬಂದಾಗ ತಾಳೆ ನೋಡುವುದು. ಹೀಗೆ 1960ರಲ್ಲಿ 1000 ಮ್ಯಾಮೊಗ್ರಾಂಗಳ ಫಲಿತಾಂಶ ಹೊರಗಿಟ್ಟರು. ಎರಡು ವರ್ಷದ ಮೇಲೆ, ಮೊದಲ 2000 ಮ್ಯಾಮೊಗ್ರಾಂಗಳಲ್ಲಿ ಯಾರಿಗೂ ಅನುಮಾನವೇ ಇರದಿದ್ದ 53 ಕ್ಯಾನ್ಸರ್‌ಗಳು ಸಿಕ್ಕಿದ್ದವು ಎಂದು ತಿಳಿಸಿದರು.

ಅದು ಈಗನ್ನರ ಕಣ್ಣಿನ ಮಹಿಮೆಯೋ, ವಿಧಾನದ ಮಹಿಮೆಯೋ? ಈ ಪ್ರಶ್ನೆ ಏಳಲೇಬೇಕಿತ್ತು, ಎದ್ದಿತು. 24 ಸಂಸ್ಥೆಗಳ ವೈದ್ಯರು ಅವರ ವಿಧಾನ ಕಲಿತು ತಮ್ಮ ತಮ್ಮ ಊರಿನಲ್ಲಿ ಮಾಡಿ ನೋಡಿದರು. ಬೇರೆಯವರಿಗೂ ಇದು ಬರುತ್ತದೆ ಎಂಬ ವರದಿ 1965ರಲ್ಲಿ ಬಂತು.

ಆಮೇಲೆ ಸುಮಾರು ಮೂವತ್ತು ವರ್ಷ ಜಗತ್ತು ಇನ್ನೊಂದು ಪ್ರಶ್ನೆಯಲ್ಲಿ ಮುಳುಗಿತು: ಮ್ಯಾಮೊಗ್ರಾಂನಿಂದ ಜೀವ ಉಳಿಯುತ್ತದೆಯೇ? ನ್ಯೂಯಾರ್ಕಿನಲ್ಲಿ 1963ರಲ್ಲಿ ಶುರುವಾದ, ಸುಮಾರು 62,000 ಹೆಂಗಸರ ದೊಡ್ಡ ಪ್ರಯೋಗ ಅದರಲ್ಲಿ ಮೊದಲಿನದು. ಈ ಗಡಿಬಿಡಿಯಲ್ಲಿ ಗಾರ್ಲೆಂಡರ ಪ್ರಶ್ನೆ ಹಿಂದೆ ಉಳಿದದ್ದು ಬೇಸರದ ಸಂಗತಿ.

ಅದನ್ನು ಮತ್ತೆ ಎತ್ತಿದವರು ಜೋನ್ ಎಲ್ಮೋರ್ ಎಂಬ ವೈದ್ಯೆ. 1994ರಲ್ಲಿ ಅವರ ತಂಡ 150 ಹೆಂಗಸರ ಮ್ಯಾಮೊಗ್ರಾಂಗಳನ್ನು ಹತ್ತು ಮಂದಿ ರೇಡಿಯಾಲಜಿಸ್ಟರಿಗೆ ಕೊಟ್ಟಿತು. ಆ ಹೆಂಗಸರಲ್ಲಿ 27 ಜನರಿಗೆ ಕ್ಯಾನ್ಸರ್ ಇತ್ತು. ಕ್ಯಾನ್ಸರ್ ಇದ್ದವರಲ್ಲಿ ಒಬ್ಬ ವೈದ್ಯ 74 ಪ್ರತಿಶತ ಜನರನ್ನು ಕೂಡಲೇ ಮುಂದಿನ ಪರೀಕ್ಷೆಗೆ ಕಳಿಸಿ ಎಂದರೆ, ಇನ್ನೊಬ್ಬರು 96 ಪ್ರತಿಶತ ಎಂದರು. ಕ್ಯಾನ್ಸರ್ ಇಲ್ಲದವರ ವಿಷಯದಲ್ಲಂತೂ ಈ ಅಂತರ 11ರಿಂದ 65 ಪ್ರತಿಶತ. ಅಂದರೆ ಆರೋಗ್ಯವಂತೆಯೊಬ್ಬಳು ಆ ರಾತ್ರಿ ನಿದ್ದೆ ಮಾಡುತ್ತಾಳೋ ಇಲ್ಲವೋ ಎಂಬುದು, ಅವಳ ಚಿತ್ರ ಯಾರ ಮೇಜಿಗೆ ಹೋಯಿತು ಎಂಬುದರ ಮೇಲೆ ನಿಂತಿತ್ತು. ಎರಡು ವರ್ಷದ ನಂತರ ಕ್ರೇಗ್ ಬೀಮ್ ಎಂಬ ಸಂಶೋಧಕ 108 ರೇಡಿಯಾಲಜಿಸ್ಟರಿಗೆ 79 ಹೆಂಗಸರ ಚಿತ್ರಗಳನ್ನು ಕೊಟ್ಟಾಗಲೂ, ಕ್ಯಾನ್ಸರ್ ಹಿಡಿಯುವುದರಲ್ಲಿ 40 ಪ್ರತಿಶತಕ್ಕೆ ಕಡಿಮೆಯಿಲ್ಲದ ಅಂತರ ಕಂಡಿತು.

ವೈದ್ಯರನ್ನು ದೂರುವ ಮೊದಲು ಒಂದು ಮಾತು. ದಟ್ಟ ಅಂಗಾಂಶ ಇರುವ ಸ್ತನ ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ, ಗಡ್ಡೆಯೂ ಬೆಳ್ಳಗೇ. ಅಕ್ಕಿಯಲ್ಲಿ ಬಿಳಿ ಕಲ್ಲು ಆರಿಸುವ ಕೆಲಸ ಅದು. ಹೆರಾಲ್ಡ್ ಕುಂಡೆಲ್ ಮತ್ತು ಕ್ಯಾಲ್ವಿನ್ ನೊಡೈನ್ ಎಂಬ ಸಂಶೋಧಕರು ಓದುವವರ ಕಣ್ಣಿನ ಚಲನೆಯನ್ನೇ ದಾಖಲಿಸಿ ನೋಡಿದಾಗ ಇನ್ನೂ ಅಚ್ಚರಿಯ ಸಂಗತಿ ತಿಳಿಯಿತು. ಕೈಬಿಟ್ಟುಹೋದ ಎಷ್ಟೋ ಗಂಟುಗಳ ಮೇಲೆ ಕಣ್ಣು ಬಿದ್ದಿತ್ತು, ಬಿದ್ದು ನಿಂತೂ ಇತ್ತು. ಕಣ್ಣು ಕಂಡದ್ದನ್ನು ಮನಸ್ಸು ಇದು ಏನೂ ಅಲ್ಲ ಎಂದು ತಳ್ಳಿಹಾಕಿತ್ತು.

ಇಷ್ಟು ಹೊತ್ತಿಗೆ ಅಮೆರಿಕದಲ್ಲಿ ಮ್ಯಾಮೊಗ್ರಾಂ ಗುಣಮಟ್ಟದ 1992ರ ಕಾನೂನು ಬಂದಿತ್ತು. ಮ್ಯಾಮೊಗ್ರಾಂ ಓದುವವರು ಎರಡು ವರ್ಷಕ್ಕೆ ಕನಿಷ್ಠ 960 ಓದಬೇಕು, ಕೇಂದ್ರಗಳು ತಮ್ಮ ಫಲಿತಾಂಶವನ್ನು ತಾವೇ ಪರಿಶೀಲಿಸಬೇಕು ಎಂಬ ನಿಯಮಗಳಾದವು. 1993ರಲ್ಲಿ ಅಲ್ಲಿನ ರೇಡಿಯಾಲಜಿ ಕಾಲೇಜು ವರದಿಯ ಭಾಷೆಯನ್ನೇ ಒಂದು ಶಿಸ್ತಿಗೆ ತಂದಿತು, ಅದೇ ಬೈರಾಡ್ಸ್. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ನಿಮ್ಮ ಮನೆಯವರು ತಂದ ಮ್ಯಾಮೊಗ್ರಾಂ ವರದಿಯ ಕೊನೆಯಲ್ಲಿ ಬೈರಾಡ್ಸ್ 2, ಬೈರಾಡ್ಸ್ 4 ಎಂದು ಕಂಡಿದ್ದರೆ ಅದು ಇದೇ. ಎಲ್ಲರೂ ಒಂದೇ ಅಂಕಿಯಲ್ಲಿ ಮಾತಾಡಿದಾಗ ಮಾತ್ರ ಯಾರು ಎಷ್ಟು ಸರಿ ಎಂದು ಎಣಿಸಲು ಸಾಧ್ಯ.

ಇಲ್ಲಿ ಒಂದು ವಿಂಗಡಣೆ ಮುಖ್ಯ. ಏನೂ ತೊಂದರೆ ಇಲ್ಲದವರು ವರ್ಷಕ್ಕೋ ಎರಡು ವರ್ಷಕ್ಕೋ ಮಾಡಿಸುವುದು ಸ್ಕ್ರೀನಿಂಗ್. ಕೈಗೆ ಗಂಟು ಸಿಕ್ಕಿದಾಗ, ಮೊಲೆತೊಟ್ಟಿನಿಂದ ರಕ್ತ ಬಂದಾಗ, ಅಥವಾ ಸ್ಕ್ರೀನಿಂಗ್‌ನಲ್ಲಿ ಅನುಮಾನ ಬಂದು ಮತ್ತೆ ಕರೆಸಿದಾಗ ಮಾಡುವುದು ಡಯಾಗ್ನಾಸ್ಟಿಕ್ ಮ್ಯಾಮೊಗ್ರಾಂ. ಅನುಮಾನದ ಜಾಗವನ್ನೇ ಒತ್ತಿ, ದೊಡ್ಡದು ಮಾಡಿ ಚಿತ್ರ ತೆಗೆಯುತ್ತಾರೆ. ಸ್ಕ್ರೀನಿಂಗ್‌ನಲ್ಲಿ ಸಾವಿರಕ್ಕೆ ಸುಮಾರು ಐದು ಕ್ಯಾನ್ಸರ್ ಸಿಗುತ್ತವೆ. ಅಮೆರಿಕದ ಸ್ತನ ಕ್ಯಾನ್ಸರ್ ನಿಗಾ ಒಕ್ಕೂಟ 2017ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಡಯಾಗ್ನಾಸ್ಟಿಕ್ ಪರೀಕ್ಷೆಗಳನ್ನು ಲೆಕ್ಕ ಹಾಕಿದಾಗ ಸಾವಿರಕ್ಕೆ 34.7 ಸಿಕ್ಕಿದ್ದವು. ಕೈಬಿಟ್ಟರೆ ಆಗುವ ನಷ್ಟವೂ ಇಲ್ಲಿ ದೊಡ್ಡದು. ಗಂಟು ಹಿಡಿದುಕೊಂಡು ಬಂದ ಹೆಂಗಸಿಗೆ ಏನೂ ಇಲ್ಲ ಎಂದರೆ ಅವಳು ಆ ಮಾತನ್ನು ನಂಬಿ ಮನೆಗೆ ಹೋಗುತ್ತಾಳೆ, ಗಂಟು ಬೆಳೆಯುತ್ತಿದ್ದರೂ ನಂಬುತ್ತಾಳೆ.

ಇಷ್ಟು ತೂಕದ ಈ ಓದನ್ನು ಒಬ್ಬೊಬ್ಬ ವೈದ್ಯನ ಮಟ್ಟದಲ್ಲಿ ಸರಿಯಾಗಿ ಅಳೆದದ್ದು 2007ರಲ್ಲಿ. ಡಯಾನಾ ಮಿಲಿಯೊರೆಟ್ಟಿ ಮತ್ತು ಸಂಗಡಿಗರು ಪ್ರಯೋಗಾಲಯದ ಪರೀಕ್ಷೆ ಇಡಲಿಲ್ಲ. ಸ್ತನದ ತೊಂದರೆ ಹೇಳಿಕೊಂಡು ಬಂದ ಹೆಂಗಸರ 35,895 ನಿಜವಾದ ಪರೀಕ್ಷೆಗಳನ್ನು, ಅವನ್ನು ಓದಿದ 123 ರೇಡಿಯಾಲಜಿಸ್ಟರ ವರದಿಗಳನ್ನು ತೆಗೆದುಕೊಂಡರು. ವರದಿಯ ನಂತರ ಒಂದು ವರ್ಷದೊಳಗೆ ಆಕೆಗೆ ಕ್ಯಾನ್ಸರ್ ಪತ್ತೆಯಾಯಿತೇ ಎಂದು ದಾಖಲೆಗಳಲ್ಲಿ ಹುಡುಕಿದರು. ಸೆನ್ಸಿಟಿವಿಟಿಯ ನಡುವಿನ ಅಂಕಿ 79 ಪ್ರತಿಶತ. ಕೆಳಗಿನ ತುದಿ 27, ಮೇಲಿನ ತುದಿ 100. ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿದ್ದವರು, ತಮ್ಮ ಸಮಯದ ಐದನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಸ್ತನದ ಚಿತ್ರಗಳಿಗೇ ಕೊಟ್ಟವರು ಮುಂದಿದ್ದರು. ಬೋಧನಾ ಆಸ್ಪತ್ರೆಯವರ ಸೆನ್ಸಿಟಿವಿಟಿ 88. ರೋಗಿಯ ವಯಸ್ಸು, ಸ್ತನದ ದಟ್ಟಣೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವೈದ್ಯರ ನಡುವಿನ ಅಂತರ ಉಳಿಯಿತು.

ಅದೇ ವರ್ಷ ಇನ್ನೊಂದು ಅಳತೆ ಯಂತ್ರಕ್ಕೂ ನಡೆಯಿತು. ಅನುಮಾನದ ಜಾಗಕ್ಕೆ ಗುರುತು ಹಾಕಿಕೊಡುವ ಕಂಪ್ಯೂಟರ್ ಬಂದ ಕೇಂದ್ರಗಳಲ್ಲಿ ಸ್ಪೆಸಿಫಿಸಿಟಿ 90.2ರಿಂದ 87.2ಕ್ಕೆ ಇಳಿದಿತ್ತು. ಅಳೆಯದೆ ಬಿಟ್ಟಿದ್ದರೆ ಅದನ್ನು ಎಲ್ಲರೂ ಪ್ರಗತಿ ಎಂದೇ ಕರೆಯುತ್ತಿದ್ದರು.

ಹಾಗಾದರೆ ಎಷ್ಟಿದ್ದರೆ ಸಾಕು? 2013ರಲ್ಲಿ ಪೆಟ್ರೀಷಿಯಾ ಕಾರ್ನಿಯವರ ತಂಡ 11 ಮಂದಿ ಪರಿಣತರನ್ನು ಕೂಡಿಸಿ ಈ ಪ್ರಶ್ನೆ ಕೇಳಿತು. ಮತ್ತೆ ಕರೆಸಿಕೊಂಡವರ ಪರೀಕ್ಷೆಯಲ್ಲಿ ಸೆನ್ಸಿಟಿವಿಟಿ 80 ಪ್ರತಿಶತಕ್ಕಿಂತ, ಗಂಟಿನೊಂದಿಗೆ ಬಂದವರಲ್ಲಿ 85 ಪ್ರತಿಶತಕ್ಕಿಂತ ಇಳಿದರೆ ಆ ವೈದ್ಯರಿಗೆ ಹೆಚ್ಚಿನ ತರಬೇತಿ ಬೇಕು ಎಂದು ಅವರು ಗೆರೆ ಎಳೆದರು. ಸ್ಪೆಸಿಫಿಸಿಟಿ 95 ದಾಟಿದರೂ ವಿಚಾರಿಸಿ ಎಂದದ್ದು ಬಹಳ ಸರಿಯಾದ ಮಾತು. ಯಾರಲ್ಲೂ ಏನೂ ಇಲ್ಲ ಎನ್ನುತ್ತಾ ಹೋದರೆ ಆ ಅಂಕಿ ತಾನಾಗಿ ಏರುತ್ತದೆ.

ತೊಡಕು ಇನ್ನೂ ಇದೆ. ಎರಡು ವರ್ಷಕ್ಕೆ 960 ಸ್ಕ್ರೀನಿಂಗ್ ಓದುವ ವೈದ್ಯನಿಗೆ ಸಿಗುವುದು ಸುಮಾರು ಐದು ಕ್ಯಾನ್ಸರ್. ಅದರಲ್ಲಿ ಒಂದು ಕೈಬಿಟ್ಟರೆ ಅದು ಅವನ ದೋಷವೋ ದುರದೃಷ್ಟವೋ ಎಂದು ಯಾವ ಲೆಕ್ಕವೂ ಹೇಳಲಾರದು. ಬ್ರಿಟನ್ನಿನವರು ಇದಕ್ಕೆ ಒಂದು ದಾರಿ ಕಂಡುಕೊಂಡರು. ಅಲ್ಲಿ ಸ್ಕ್ರೀನಿಂಗ್ ಓದುವವರಿಗೆ ವರ್ಷಕ್ಕೆ 5000 ಚಿತ್ರಗಳ ಗುರಿ ಇದೆ. ಜೊತೆಗೆ ಪರ್ಫಾರ್ಮ್ಸ್ ಎಂಬ ಯೋಜನೆಯಲ್ಲಿ ಉತ್ತರ ಗೊತ್ತಿರುವ 60 ಕಠಿಣ ಚಿತ್ರಗಳ ಕಂತೆ ಅವರ ಮುಂದೆ ಬರುತ್ತದೆ. ಓದಿ ಮುಗಿಸಿದ ಮೇಲೆ ಎಲ್ಲಿ ತಪ್ಪಿದರು ಎಂಬುದು ಅವರಿಗೇ ತಿಳಿಯುತ್ತದೆ.

ಬರೆದಿಟ್ಟ ಅಭಿಪ್ರಾಯವನ್ನು ಆಮೇಲಿನ ಸತ್ಯದೊಂದಿಗೆ ತಾಳೆ ನೋಡಿ ಬರೆದವರಿಗೇ ತಿಳಿಸುವುದು ಕಣ್ಣನ್ನು ಪಳಗಿಸುವ ದಾರಿ. ಅದಕ್ಕೆ ಎರಡು ದಾಖಲೆ ಬೇಕು, ವರದಿಗಳದೊಂದು, ಕ್ಯಾನ್ಸರ್ ನೋಂದಣಿಯದೊಂದು. ಎರಡನೆಯದು ನಮ್ಮ ಬೆಂಗಳೂರಿನಲ್ಲಿ 1982ರಿಂದ ಇದೆ. ದೇಶದ ಕ್ಯಾನ್ಸರ್ ನೋಂದಣಿ ಯೋಜನೆ ಶುರುವಾದಾಗ ಮುಂಬಯಿ, ಚೆನ್ನೈಗಳ ಜೊತೆ ಮೊದಲ ಮೂರರಲ್ಲಿ ಒಂದಾಗಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಅದನ್ನು ನಡೆಸಿಕೊಂಡು ಬಂದಿದೆ. ಮ್ಯಾಮೊಗ್ರಾಂ ಕೇಂದ್ರಗಳ ವರದಿಗಳನ್ನು ವರ್ಷಕ್ಕೊಮ್ಮೆ ಆ ನೋಂದಣಿಯ ಜೊತೆಗಿಟ್ಟು ನೋಡಿದರೆ ಓದಿದ ಪ್ರತಿಯೊಬ್ಬ ವೈದ್ಯರಿಗೂ ತಮ್ಮ ಲೆಕ್ಕ ಸಿಗುತ್ತದೆ. ಹಾಗೆ ನೋಡುವಾಗ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು, ಗಂಟು ಇದೆ ಎಂದು ಬಂದು ಏನೂ ಇಲ್ಲ ಎಂಬ ವರದಿ ಪಡೆದು ಹೋದ ಹೆಣ್ಣುಮಕ್ಕಳ ಪಟ್ಟಿಯನ್ನು.