ಹತ್ತೋದು, ಇಳಿಯೋದು, ಅಂಬೆಗಾಲಿಡೋದು

(ಕ್ರೇಗಿಬರ್ನ್‌ನಲ್ಲಿ ಕನ್ನಡ ಕುಟುಂಬಗಳ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ನಾನು ಭಾಷಾಪಂಡಿತ ಅಲ್ಲ. ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಬರೆಯೋದು ಸಾಫ್ಟ್‌ವೇರು. ಹಾಗಾಗಿ ಕನ್ನಡದ ಹಿರಿಮೆ ಗರಿಮೆ ಅಂತ ದೊಡ್ಡ ಭಾಷಣ ಮಾಡಲ್ಲ. ನಮ್ಮ ಮನೇಲಿ ಆದ ಒಂದು ಸಣ್ಣ ಎಡವಟ್ಟಿನಿಂದ ಶುರು ಮಾಡ್ತೀನಿ.

ಚಿಕ್ಕ ಮಗಳಿಗೆ ಆಗ ಹತ್ತು ತಿಂಗಳು. ಹಾಸನದಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ರು. ಆರು ವರ್ಷದ ಮಗ ಓಡಿ ಬಂದು "ಅಜ್ಜಿ, ಪಾಪು ಕ್ರಾಲ್ ಮಾಡ್ತಿದೆ!" ಅಂದ. ಅಮ್ಮನಿಗೆ ಗೊತ್ತಾಗಲಿಲ್ಲ. ನಾನು ನಡುವೆ ಬಾಯಿ ಹಾಕಿ "ತೆವಳ್ತಾ ಇದಾಳಮ್ಮ" ಅಂದೆ. ಅಮ್ಮನ ಮುಖ ಸಣ್ಣಗಾಯ್ತು. "ಇನ್ನೂ ತೆವಳ್ತಾ ಇದಾಳಾ? ಅಂಬೆಗಾಲು ಇಟ್ಟಿಲ್ವಾ? ಡಾಕ್ಟರಿಗೆ ತೋರಿಸಿದ್ಯೇನೋ?" ಅಂದ್ರು. ಮಗು ಅಷ್ಟೊತ್ತಿಗೆ ಅಂಬೆಗಾಲಿಟ್ಟು ಅಡುಗೆಮನೆ ತನಕ ಹೋಗಿತ್ತು. ಫೋನ್ ತಿರುಗಿಸಿ ತೋರಿಸಿದ ಮೇಲೇ ಅವರಿಗೆ ಉಸಿರು ಬಂದಿದ್ದು.

ತಪ್ಪು ಮಗಂದಲ್ಲ, ನಂದು. ಇಂಗ್ಲಿಷಿನಲ್ಲಿ ನಾವು ಒಂದೇ ಮಾತಲ್ಲಿ ಮುಗಿಸೋದಕ್ಕೆ ಅಮ್ಮನ ಹತ್ತಿರ ಒಂದು ಸಾಲೇ ಇದೆ. ಮಗು ಮೊದಲು ಬೋರಲು ಬೀಳುತ್ತೆ. ಹೊಟ್ಟೆ ನೆಲಕ್ಕೆ ಒತ್ತಿ ಮುಂದೆ ಸರಿದರೆ ಅದು ತೆವಳೋದು. ಕೂತ ಹಾಗೇ ಸರಿದರೆ ದೇಕೋದು. ಅಂಗೈ, ಮೊಣಕಾಲು ಊರಿ ಹೊಟ್ಟೆ ಎತ್ತಿದರೆ ಅಂಬೆಗಾಲು. ಆಮೇಲೆ ಹೊಸ್ತಿಲು ದಾಟೋದು, ಆವತ್ತು ಮನೇಲಿ ಸಿಹಿ. ಪ್ರತಿ ಮಾತೂ ಮಗು ಎಷ್ಟು ಬೆಳೆದಿದೆ ಅಂತ ಹೇಳುತ್ತೆ. ನಾನು ಒಂದು ಮಾತು ತಪ್ಪಿದ್ದಕ್ಕೆ ಅಮ್ಮನಿಗೆ ಮೊಮ್ಮಗಳು ಎರಡು ತಿಂಗಳು ಹಿಂದೆ ಬಿದ್ದಂಗೆ ಕಾಣಿಸಿದಳು.

ಒಂದು 'ಹತ್ತು', ಎಷ್ಟು ಕೆಲಸ!

ಆ ವಾರದಿಂದ ನಾವು ಮನೇಲಿ ಆಡೋ ಮಾತಿಗೆ ಕಿವಿ ಕೊಡೋಕೆ ಶುರು ಮಾಡಿದೆ. "ಕ್ಲೈಂಬ್ ಮಾಡ್ಬೇಡ", "ಜಂಪ್ ಮಾಡ್ಬೇಡ", "ಹೈಡ್ ಮಾಡು". ಕನ್ನಡದ ಕೆಲಸ ಎಲ್ಲಾ ಒಬ್ಬ 'ಮಾಡು' ಅನ್ನೋನ ತಲೆ ಮೇಲೆ! ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ, ಒಳಗಿರೋ ಕೋಡ್ ಎಲ್ಲಾ ಇಂಗ್ಲಿಷು, ಮೇಲೆ ಕನ್ನಡದ ತೆಳು ಹೊದಿಕೆ.

'ಮಾಡು' ಸೇರಿಸೋದೇ ಪಾಪ ಅಂತ ನಾನು ಹೇಳ್ತಿಲ್ಲ. ಊಟ ಮಾಡ್ತೀವಿ, ಸ್ನಾನ ಮಾಡ್ತೀವಿ. ಡೌನ್‌ಲೋಡ್ ಮಾಡೋದ್ರಲ್ಲೂ ತಪ್ಪಿಲ್ಲ, ಅದು ಹೊಸ ಕೆಲಸ. ಆದ್ರೆ ಮರ ಹತ್ತೋದು ಹೊಸ ಕೆಲಸವೇ? ಅಲ್ಲಿ ಹೊಸದೇನೂ ಬರ್ತಿಲ್ಲ, ಇದ್ದದ್ದು ಹೋಗ್ತಿದೆ.

'ಹತ್ತು' ಅನ್ನೋ ಒಂದು ಮಾತನ್ನೇ ನೋಡಿ. ಮರ ಹತ್ತುತೀವಿ, ಬಸ್ ಹತ್ತುತೀವಿ. ಬೆಂಕಿ ಹತ್ತುತ್ತೆ, ನಿದ್ದೆ ಹತ್ತುತ್ತೆ, ಪಾಠ ತಲೆಗೆ ಹತ್ತುತ್ತೆ. ಬೆಲೆ ಮಾತ್ರ ಹತ್ತಲ್ಲ, ಏರುತ್ತೆ. ಬಳ್ಳಿ ಹಬ್ಬುತ್ತೆ, ಹಾವು ಹರಿಯುತ್ತೆ. ಇದನ್ನೆಲ್ಲ ಯಾರೂ ನಮಗೆ ಕೂರಿಸಿ ಕಲಿಸಲಿಲ್ಲ.

ನನ್ನ ಹೆಂಡತಿ ಧಾರವಾಡದವಳು. ಅದೇ ಮಗುವನ್ನ ನೋಡಿ ನಮ್ಮತ್ತೆ ಅಂದಿದ್ದು: "ಕೂಸು ಅಂಬೆಗಾಲ ಇಡಾಕ ಹತ್ತೈತಲ್ಲ!" ನಾವು ಹಾಸನದೋರು "ಇಡ್ತಾ ಇದೆ" ಅನ್ನೋ ಕಡೆ ಅವರಿಗೆ 'ಹತ್ತು' ಬೇಕು. ಮಳಿ ಬರಾಕ ಹತ್ತೈತಿ, ಅನ್ನ ಬೇಯಾಕ ಹತ್ತೈತಿ. ಮರ ಹತ್ತೋ ಮಾತು ಅಲ್ಲಿ ವ್ಯಾಕರಣವನ್ನೇ ಹತ್ತಿ ಕೂತಿದೆ. ಅದು ಹೋದ್ರೆ ಒಂದು ಪದ ಅಷ್ಟೇ ಹೋಗಲ್ಲ, ಮಾತಿನ ಒಂದು ಕೀಲೇ ಕಳಚುತ್ತೆ.

ಇನ್ನೊಂದು ನೋಡಿ. "ಹತ್ತಿ ಬಾ" ಅಂದ್ರೆ ಕರೆಯೋನು ಮೇಲಿದ್ದಾನೆ. "ಹತ್ತಿ ಹೋಗು" ಅಂದ್ರೆ ಅವನು ಕೆಳಗಿದ್ದಾನೆ. ಕಣ್ಣು ಮುಚ್ಚಿ ಕೇಳಿದ್ರೂ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗುತ್ತೆ. "ಕ್ಲೈಂಬ್ ಮಾಡು" ಅಂದಾಗ ಏನು ಗೊತ್ತಾಯ್ತು?

ಹೊಳೆಯನ್ನೇ ದಿಕ್ಕು ಮಾಡಿಕೊಂಡ ನುಡಿ

ಇದನ್ನೆಲ್ಲ ಹುಡುಕ್ತಾ ಹೋದಾಗ ವಿಲಿಯಂ ಬ್ರೈಟ್ ಅನ್ನೋ ಅಮೆರಿಕನ್ ನುಡಿಯರಿಗನ ಹೆಸರು ಸಿಕ್ತು. ನಮ್ಮ ಆಡುಗನ್ನಡದ ಬಗ್ಗೆ ಅವರು ಬರೆದ ಪುಸ್ತಕ 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು. ಅದಕ್ಕೆ ಒಂದು ವರ್ಷ ಮುಂಚೆ, 1957ರಲ್ಲಿ, ಅವರದೇ ಇನ್ನೊಂದು ಪುಸ್ತಕ ಬಂದಿತ್ತು. ಅದು ಕ್ಯಾಲಿಫೋರ್ನಿಯಾದ ಬಡಗಣ ತುದಿಯಲ್ಲಿ, ಕ್ಲಾಮತ್ ಹೊಳೆ ದಂಡೆಯ ಮೂಲನಿವಾಸಿಗಳ ಕರುಕ್ ನುಡಿಯ ವ್ಯಾಕರಣ. 1949ರಿಂದ ಆ ಊರುಗಳ ಹಿರಿಯರ ಮುಂದೆ ಕೂತು ಕಲಿತದ್ದು. ಅಲ್ಲಿನ ಜನ ಅವರಿಗೆ ಇಟ್ಟ ಹೆಸರಿನ ಅರ್ಥ 'ಮಾತು ಕೇಳೋ ಪುಟ್ಟ'. ಒಂದೇ ತಲೆಯಲ್ಲಿ ಕನ್ನಡವೂ ಕರುಕ್ಕೂ ಇತ್ತು ನೋಡಿ!

ಕರುಕ್ ನುಡಿಯಲ್ಲಿ ನಮ್ಮ ಮೂಡಣ, ಪಡುವಣದಷ್ಟು ಬಳಕೆ ಹೊಳೆಯ ದಿಕ್ಕುಗಳದ್ದು. 'ಕರುಕ್' ಅಂದ್ರೆ ಹೊಳೆಯ ಮೇಲ್ಗಡೆ, 'ಯುರುಕ್' ಅಂದ್ರೆ ಹೊಳೆಯ ಕೆಳಗಡೆ. ಕೆಳಗಡೆ ಇರೋ ನೆರೆಯವರಿಗೆ ಯುರೋಕ್ ಅಂತ ಹೆಸರು ಬಂದಿದ್ದೇ ಹೀಗೆ. 'ಮರುಕ್' ಅಂದ್ರೆ ಗುಡ್ಡದ ಮೇಲಕ್ಕೆ, 'ಸರುಕ್' ಅಂದ್ರೆ ಕೆಳಕ್ಕೆ, ಹೊಳೆ ಕಡೆಗೆ. ಈ ದಿಕ್ಕುಗಳು ಕ್ರಿಯಾಪದದ ಬಾಲಕ್ಕೇ ಪ್ರತ್ಯಯಗಳಾಗಿ ಅಂಟಿಕೊಳ್ತವೆ. ಅಂಥವು ಹತ್ತಾರಿವೆ. ನಡೆಯೋದೋ, ತೆವಳೋದೋ, ಎಸೆಯೋದೋ, ಅದನ್ನ ಬೇರು ಹೇಳುತ್ತೆ. ಗುಡ್ಡದ ಮೇಲಕ್ಕೋ, ಹೊಳೆಯ ಆಚೆಗೋ, ಮನೆಯ ಒಳಕ್ಕೋ, ಅದನ್ನ ಬಾಲ ಹೇಳುತ್ತೆ. ನಾವು 'ಬಾ', 'ಹೋಗು' ಸೇರಿಸಿ ಮಾತಾಡೋನು ಎಲ್ಲಿದ್ದಾನೆ ಅಂತ ಹೇಳ್ತೀವಿ. ಅವರು ಹೊಳೆ ಎಲ್ಲಿದೆ ಅಂತ ಹೇಳ್ತಾರೆ.

ಹುಟ್ಟಿನಿಂದ ಕರುಕ್ ಆಡಿ ಬೆಳೆದ ಹಿರಿಯರು ಇವತ್ತು ತೀರ ಕೆಲವರೇ. ಆದ್ರೆ ಆ ಜನ ಕೈ ಕಟ್ಟಿ ಕೂತಿಲ್ಲ. ಕರುಕ್ ಜನರವರೇ ಆದ ಸೂಸನ್ ಗೆರ್ ಅವರು ಬ್ರೈಟ್ ಜೊತೆ ಸೇರಿ ತಂದ ನಿಘಂಟು 2005ರಲ್ಲಿ ಹೊರಬಂತು. ಮರುವರ್ಷ ಬ್ರೈಟ್ ತೀರಿಕೊಂಡ್ರು. 1990ರ ದಶಕದಿಂದ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಒಂದು ಸರಳ ದಾರಿ ಹಿಡಿದಿದ್ದಾರೆ. ಒಬ್ಬ ಹಿರಿಯರು, ಒಬ್ಬ ಕಲಿಯೋರು. ಇಬ್ಬರೂ ಅಡುಗೆ ಮಾಡ್ತಾ, ಬಟ್ಟೆ ಮಡಚ್ತಾ ತಮ್ಮ ನುಡಿಯಲ್ಲೇ ಮಾತಾಡಬೇಕು. ಗೊತ್ತಾಗದಿದ್ರೆ ಕೈಸನ್ನೆ, ಇಂಗ್ಲಿಷಿಗೆ ಅನುವಾದ ಇಲ್ಲ. ಪುಸ್ತಕ ಕೊಡಲಾರದ್ದನ್ನ ಅವರು ಕೈಗೆಲಸದಿಂದ ಪಡೀತಿದ್ದಾರೆ.

ಬೋರ್ಡು ಉಳಿದರೆ ಸಾಕೇ?

ದೂರದ ಮಾತು ಯಾಕೆ, ಇಲ್ಲೇ ಕ್ರೇಗಿಬರ್ನ್ ಪಕ್ಕ ಮೆರ್ರಿ ಹಳ್ಳ ಹರಿಯುತ್ತೆ. ಈ ನೆಲ ವುರುಂಡ್ಜೆರಿ ಜನರದ್ದು. 'ಮೆರ್ರಿ' ಅನ್ನೋದು ಅವರ ವೊಯಿವುರುಂಗ್ ನುಡಿಯ ಮಾತು, ಕಲ್ಲುಬಂಡೆ ಅನ್ನೋ ಅರ್ಥದ್ದು. ಬಿಳಿಯರು ಬಂದ ಮೇಲೆ ಆ ನುಡಿ ಮನೆಗಳಲ್ಲಿ ನಿಂತುಹೋಯ್ತು. ಹೆಸರು ಮಾತ್ರ ಬೋರ್ಡಿನ ಮೇಲೆ ಉಳೀತು. ಈಗ ಅವರೇ ಅದನ್ನ ಮತ್ತೆ ಎಬ್ಬಿಸ್ತಿದ್ದಾರೆ. ಅವರಿಂದ ಆ ನುಡಿಯನ್ನ ಕಿತ್ತುಕೊಂಡರು. ನಮ್ಮಿಂದ ಯಾರೂ ಕಿತ್ತುಕೊಂಡಿಲ್ಲ, ನಾವೇ ಸೋಫಾ ಮೇಲೆ ಕೂತು ಬಿಟ್ಟುಕೊಡ್ತಿದೀವಿ.

ನಾವು ನಾಮಫಲಕಕ್ಕೆ ಹೋರಾಡ್ತೀವಿ, ಕಂಪ್ಯೂಟರಿಗೆ ಕನ್ನಡದಲ್ಲಿ ಏನನ್ನಬೇಕು ಅಂತ ವಾದ ಮಾಡ್ತೀವಿ. ಬೇಕು, ಬೇಡ ಅನ್ನಲ್ಲ. ಆದ್ರೆ ಮಕ್ಕಳ ಬಾಯಲ್ಲಿ ದೋಸೆ, ಚಟ್ನಿ, ಅಜ್ಜಿ, ತಾತ ಅನ್ನೋ ಹೆಸರುಗಳು ಹೇಗೂ ಉಳೀತವೆ. ಮೊದಲು ಜಾರೋದು ಹತ್ತು, ಇಳಿ, ತೆವಳು, ನುಸುಳು, ಜೋತಾಡು. ಅವಿಲ್ಲದೆ ಮಗು ಕನ್ನಡದಲ್ಲಿ ಪಟ್ಟಿ ಓದಬಹುದು, ಮಾತಾಡೋಕಾಗಲ್ಲ.

ಅದಕ್ಕೇ ಒಂದು ಕೋರಿಕೆ. ವಾರಕ್ಕೆ ಒಂದು ಗಂಟೆ, ಪಾರ್ಕಿಗೆ ಬನ್ನಿ. ಪುಸ್ತಕ ಬೇಡ, ಅ ಆ ಇ ಈ ಬೇಡ. ಮಕ್ಕಳು ಏಣಿ ಹತ್ತಲಿ, ಜಾರುಬಂಡೆ ಇಳೀಲಿ, ಸುರಂಗದಲ್ಲಿ ತೆವಳಲಿ. ನಾವು ಆ ಕೆಲಸದ ಕನ್ನಡ ಹೇಳ್ತಾ ಇರೋಣ. ಅನುವಾದ ಮಾಡೋದು ಬೇಡ. ಅಜ್ಜಿ ತಾತ ವೀಸಾ ಮೇಲೆ ಬಂದಿದ್ರೆ ಅವರೇ ಮೇಷ್ಟ್ರು. ನಾವೂ ಕಲಿಯೋದಿದೆ. ನಾನಂತೂ 'ತೆವಳು' ಇಂದ ಮತ್ತೆ ಶುರು ಮಾಡಿದೀನಿ.

ಕಳೆದ ತಿಂಗಳು ಮಗ ಪಾರ್ಕಿನ ಏಣಿ ತುದಿಯಿಂದ ಕೂಗಿದ: "ಅಪ್ಪಾ, ನೀನೂ ಹತ್ತಿ ಬಾ!" 'ಹೋಗು' ಅನ್ನಲಿಲ್ಲ, 'ಬಾ' ಅಂದ. ನಾನು ಮಂಡಿನೋವು ಮರೆತು ಹತ್ತಿದೆ.

ಮುಂದಿನ ಭಾನುವಾರ ಯಾರ್ಯಾರು ಬರ್ತೀರಿ? ಏನಂತೀರಿ?