ಗೇರ್‌ಬಾಕ್ಸ್ ಒಡೆದ ಮೇಲೆ ಕೈಸಾಲ

(ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಬೆಲೆಯ ವಿಚಾರ, ಸಾಲದ ವಿಚಾರ ನೀವು ಪ್ರತಿ ತಿಂಗಳೂ ಓದುತ್ತೀರಿ, ಮಾತಾಡುತ್ತೀರಿ. ನಾನು ಇವತ್ತು ಎತ್ತಿಕೊಂಡಿರೋದು ಟ್ರ್ಯಾಕ್ಟರಿನ ಗೇರ್‌ಬಾಕ್ಸ್. ಇದೂ ಸಾಲದ ವಿಚಾರವೇ. ಹೇಗೆ ಅಂತೀರೋ, ನನ್ನ ಮನೆ ಕತೆಯನ್ನೇ ಕೇಳಿ.

ನಮ್ಮದು ಹಳೇ ಮ್ಯಾಸಿ 1035. ಅದರ ಸಾಲ ತೀರಿ ಎಷ್ಟೋ ವರ್ಷ ಆಗಿತ್ತು. ಸಾಲ ಇಲ್ಲದ ಟ್ರ್ಯಾಕ್ಟರ್ ಅಂತ ನಾನು ನಾಲ್ಕು ಜನರ ಮುಂದೆ ಜಂಬ ಕೊಚ್ಚಿಕೊಂಡಿದ್ದೂ ಉಂಟು. 2019ರಲ್ಲಿ ಕಬ್ಬು ಸಾಗಿಸೋ ಕಾಲಕ್ಕೆ ಸರಿಯಾಗಿ ಮೂರನೇ ಗೇರ್ ತಾನಾಗೇ ಕಳಚಿಕೊಳ್ಳೋಕೆ ಶುರುವಾಯಿತು. ಡ್ರೈವರ್ ಹುಡುಗ ಹಳೇ ಟ್ಯೂಬಿನ ರಬ್ಬರ್ ಕತ್ತರಿಸಿ ಲಿವರನ್ನು ಎಳೆದು ಕಟ್ಟಿದ. ನಾನು ಅದನ್ನು ನೋಡಿ, "ಭಲೇ, ಒಳ್ಳೇ ತಲೆ ಓಡಿಸಿದ್ದೀಯ" ಅಂದೆ. ಹದಿನೈದು ದಿನ ಕಳೆಯಲಿಲ್ಲ, ಫ್ಯಾಕ್ಟರಿ ದಾರಿಯ ಏರಿನಲ್ಲಿ ಒಳಗೆ ಕಟಕಟ ಅಂದು ನಿಂತಿತು. ಬಿಚ್ಚಿ ನೋಡಿದರೆ ಗೇರಿನ ಹಲ್ಲು ಉದುರಿದೆ, ಬೇರಿಂಗ್ ಪುಡಿಯಾಗಿದೆ, ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದೆ. ಖರ್ಚು 46,000 ರೂಪಾಯಿ. ಸೊಸೈಟಿ ಸಾಲ ಆಗಲೇ ಬೆಳೆ ಮೇಲಿತ್ತು. ಕಡಿದ ಕಬ್ಬು ಗದ್ದೆಯಲ್ಲಿ ಒಣಗುತ್ತಾ ಇರುವಾಗ ಯಾವ ಬ್ಯಾಂಕಿನ ಬಾಗಿಲಲ್ಲಿ ಕೂರೋದು? ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ತಂದೆ. ತಿಂಗಳಿಗೆ 1,380 ಬಡ್ಡಿ, ವರ್ಷಕ್ಕೆ 16,560. ಬರೀ ಆ ಬಡ್ಡಿ ದುಡ್ಡಿನಲ್ಲೇ ಗೇರ್‌ಬಾಕ್ಸಿಗೆ ಎರಡು ಸಲ ಪೂರ್ತಿ ಹೊಸ ಆಯಿಲ್ ಹಾಕಿಸಬಹುದಿತ್ತು. ನಾನು ಎಷ್ಟು ವರ್ಷದಿಂದ ಹಾಕಿಸಿರಲಿಲ್ಲ ಅನ್ನೋದನ್ನ ಹೇಳೋಕೆ ನಾಚಿಕೆ ಆಗುತ್ತೆ.

ಇಂಜಿನ್ ಆಯಿಲನ್ನು ನಾವೆಲ್ಲ ನೋಡ್ತೀವಿ. ಗೇರ್‌ಬಾಕ್ಸಿನದು ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ಹೆಚ್ಚಿನ ಟ್ರ್ಯಾಕ್ಟರ್‌ಗಳ ಕೈಪಿಡಿಯಲ್ಲಿ ಸಾವಿರ ಗಂಟೆಯ ಆಸುಪಾಸಿಗೆ ಬದಲಾಯಿಸಿ ಅಂತ ಇರುತ್ತೆ. ಹಳೇ ಟ್ರ್ಯಾಕ್ಟರಿನ ಗಂಟೆ ಮೀಟರ್ ಕೆಟ್ಟು ಯಾವ ಕಾಲವಾಯಿತೋ, ಗಂಟೆ ಎಣಿಸೋರು ಯಾರು? ಅದಕ್ಕೇ ನಾನೀಗ ಗೋಡೆಗೆ ಒಂದು ಕ್ಯಾಲೆಂಡರ್ ತೂಗಿ ಹಾಕಿದ್ದೇನೆ. ಓಡಿದ ಗಂಟೆಯನ್ನು ಅವತ್ತವತ್ತೇ ಸುಮಾರಾಗಿ ಬರೆದಿಡ್ತೀನಿ. ಕೆಸರು ಗದ್ದೆ ಕೆಲಸ ಮಾಡಿದ ವರ್ಷ ಗಂಟೆಯನ್ನೂ ನೆಚ್ಚಿಕೊಳ್ಳೋಕೆ ಆಗಲ್ಲ, ಯಾಕಂದರೆ ನೀರು ಒಳಗೆ ಹೋಗಿರುತ್ತೆ. ಹರಿದ ಗೇರ್ ಲಿವರ್ ಬೂಟು, ಸವೆದ ಆಕ್ಸಲ್ ಸೀಲು, ಹೊರಗೆ ಮಳೆಯಲ್ಲಿ ನಿಲ್ಲಿಸೋದು, ನೀರಿನ ಪೈಪು ಹಿಡಿದು ಲಿವರಿನ ಬುಡಕ್ಕೇ ಹೊಡೆದು ತೊಳೆಯೋದು, ಇವೇ ಅದರ ದಾರಿಗಳು.

ನೀರು ಇದೆಯೋ ಇಲ್ಲವೋ ನೋಡೋಕೆ ಮೇಸ್ತ್ರಿ ಬೇಡ. ಟ್ರ್ಯಾಕ್ಟರನ್ನು ಸಮನಾದ ಜಾಗದಲ್ಲಿ ರಾತ್ರಿಯೆಲ್ಲ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಕೆಳಗಿನ ಡ್ರೈನ್ ಪ್ಲಗ್ಗನ್ನು ಒಂದೆರಡು ಸುತ್ತು ಸಡಿಲ ಮಾಡಿ, ಗಾಜಿನ ಲೋಟ ಹಿಡಿಯಿರಿ. ನೀರು ಭಾರ, ತಳಕ್ಕೆ ಇಳಿದಿರುತ್ತೆ, ಮೊದಲು ಅದೇ ಬರುತ್ತೆ. ಆಮೇಲೆ ಬರುವ ಆಯಿಲ್ ಸ್ವಚ್ಛವಾಗಿದ್ದರೆ ಬಿಗಿ ಮಾಡಿ, ಮಟ್ಟ ನೋಡಿ, ಕಡಿಮೆಯಾದಷ್ಟು ತುಂಬಿಸಿ. ಆಯಿಲೇ ಹಾಲಿನ ಬಣ್ಣವಾಗಿದ್ದರೆ ಅದರಲ್ಲಿ ನೀರು ಕಲಸಿಹೋಗಿದೆ ಅಂತ ಅರ್ಥ. ಅದನ್ನು ಪೂರ್ತಿ ಇಳಿಸದೆ ಬೇರೆ ದಾರಿ ಇಲ್ಲ. ಇಳಿಸಿದ ಆಯಿಲಿನಲ್ಲಿ ಹಳೇ ಸ್ಪೀಕರಿನ ಮ್ಯಾಗ್ನೆಟ್ ಆಡಿಸಿ ನೋಡಿ. ಬೂದು ಬಣ್ಣದ ನುಣ್ಣನೆ ಪುಡಿ ಅಂಟಿದರೆ ಅದು ಸಾಮಾನ್ಯ ಸವೆತ. ಚೂರು, ಚಕ್ಕೆ ಅಂಟಿದರೆ ಒಳಗೆ ಏನೋ ಮುರೀತಾ ಇದೆ. ಆಗ ನಿಲ್ಲಿಸಿಬಿಡಿ, ಇನ್ನೊಂದು ಲೋಡು ಅನ್ನಬೇಡಿ.

ಯಾವ ಆಯಿಲ್ ಅನ್ನೋದರಲ್ಲೂ ನಾವು ತಪ್ಪು ಮಾಡ್ತೀವಿ. ಇಂಜಿನ್ನಿಂದ ಇಳಿಸಿದ ಕರಿ ಆಯಿಲನ್ನು ಗೇರ್‌ಬಾಕ್ಸಿಗೆ ಸುರಿಯೋರನ್ನ ನಾನು ಕಣ್ಣಾರೆ ಕಂಡಿದ್ದೇನೆ. ಅದು ಉಳಿತಾಯವಲ್ಲ. ಅಂಗಡಿಯವನು "ಇದು ಇನ್ನೂ ಮೇಲಿನ ದರ್ಜೆ" ಅಂತ ಜಿಎಲ್-5 ಡಬ್ಬಿ ಕೊಟ್ಟರೂ ಹುಷಾರು. ಕೈಪಿಡಿಯಲ್ಲಿ ಜಿಎಲ್-4 ಅಂತ ಇದ್ದರೆ ಅದನ್ನೇ ಹಾಕಿ. ಜಿಎಲ್-5ರಲ್ಲಿ ಗಂಧಕದ ಅಂಶ ಹೆಚ್ಚು. ಹಳೇ ಗೇರ್‌ಬಾಕ್ಸಿನ ಕಂಚಿನ ಬುಷ್‌ಗಳನ್ನು ಅದು ತಿನ್ನಬಹುದು. ಮ್ಯಾಸಿ 1035ರಂಥವುಗಳಲ್ಲಿ ಲಿಫ್ಟಿಗೂ ಗೇರಿಗೂ ಒಂದೇ ಆಯಿಲ್. ಲಿಫ್ಟ್ ನಡುಗುತ್ತಾ ಏಳುತ್ತಿದ್ದರೆ ಲಿಫ್ಟನ್ನು ಬಿಚ್ಚಿಸೋಕೆ ಹೋಗಬೇಡಿ, ಮೊದಲು ಆಯಿಲಿನ ಮಟ್ಟ ನೋಡಿ.

ಇನ್ನು ಓಡಿಸೋ ವಿಚಾರ. ನಮ್ಮ ಹಳೇ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟಕ್ಕೆ ಗೇರ್ ಜಾರಿ ಜಾರಿ ಕೂಡುವಂಥದ್ದು, ಕಾರಿನ ಹಾಗೆ ಓಡುತ್ತಲೇ ಬದಲಾಯಿಸೋಕೆ ಮಾಡಿದ್ದಲ್ಲ. ಪೂರ್ತಿ ನಿಲ್ಲಿಸಿ ಹಾಕಬೇಕು. "ಕರ್" ಅಂತ ಸದ್ದು ಬಂದರೆ ಹಲ್ಲಿನ ತುದಿ ತೇಯಿತು ಅಂತಲೇ. ಹಾಗೆ ತೇದ ಹಲ್ಲೇ ನಾಳೆ ಕಳಚಿಕೊಳ್ಳೋ ಗೇರು. ಮೊದಲಿಗೇ ತೋರಿಸಿದರೆ ಎಷ್ಟೋ ಸಲ ಲಿವರಿನ ಕೆಳಗಿನ ಸ್ಪ್ರಿಂಗು, ಗುಂಡು ಬದಲಾಯಿಸಿದರೆ ಮುಗಿಯುತ್ತೆ. ರಬ್ಬರ್ ಕಟ್ಟಿದರೆ ಏನಾಗುತ್ತೆ ಅಂತ ನನ್ನನ್ನು ಕೇಳಿ.

ಕ್ಲಚ್ ಪೆಡಲಿನ ಮೇಲೆ ಕಾಲು ಇಟ್ಟುಕೊಂಡೇ ಉಳೋದು ಇನ್ನೊಂದು ಚಾಳಿ. ಪ್ಲೇಟೂ ಹೋಗುತ್ತೆ, ಕ್ಲಚ್ ಬೇರಿಂಗೂ ಹೋಗುತ್ತೆ. ಪೆಡಲಿಗೆ ಬಿಡುವು ಇರಬೇಕು, ಎಷ್ಟು ಅಂತ ಕೈಪಿಡಿಯಲ್ಲಿದೆ. ಪ್ಲೇಟ್ ಸವೆದಂತೆ ಬಿಡುವು ಕಡಿಮೆ ಆಗ್ತಾ ಬರುತ್ತೆ, ಆಗಾಗ ಹೊಂದಿಸಬೇಕು. ಬಿಡುವು ಅತಿಯಾದರೆ ಕ್ಲಚ್ ಪೂರ್ತಿ ಬಿಡೋದಿಲ್ಲ, ಮತ್ತೆ ಅದೇ "ಕರ್".

ಲೋಡಿನ ಮಾತು ಬಂದರೆ ನಿಮಗೆ ಸಿಟ್ಟು ಬರುತ್ತೆ, ಗೊತ್ತು. ಬಾಡಿಗೆ ಟನ್ನಿನ ಲೆಕ್ಕದಲ್ಲಿ ಸಿಗುವಾಗ ಕಡಿಮೆ ಹೇರಿ ಅನ್ನೋದು ಸುಲಭದ ಬುದ್ಧಿವಾದ. ಆದರೆ ಏರಿನಲ್ಲಿ ಮುಂದಿನ ಚಕ್ರ ಎದ್ದಾಗ ಹುಡುಗರನ್ನು ಬಂಪರಿನ ಮೇಲೆ ಕೂರಿಸ್ತೀವಲ್ಲ, ಅದು ಸರಿಯೇ? ಹುಡುಗರ ಪ್ರಾಣದ ಮಾತು ಮೊದಲನೇದು. ಎರಡನೇದು, ಚಕ್ರ ಏಳೋದು ಟ್ರ್ಯಾಕ್ಟರ್ ಕೊಡೋ ಎಚ್ಚರಿಕೆ. ಮುಂದೆ ಭಾರ ಹಾಕಿ ಅದರ ಬಾಯಿ ಮುಚ್ಚಿಸಿದರೆ ಆ ಜಗ್ಗಾಟವೆಲ್ಲ ಕ್ರೌನ್ ಪಿನಿಯನ್ ಮೇಲೆ ಬೀಳುತ್ತೆ. ಕೆಸರಿನಲ್ಲಿ ಒಂದೇ ಚಕ್ರ ಗಿರ್ರನೆ ತಿರುಗ್ತಾ ಇದ್ದರೆ ಎಕ್ಸಲೇಟರ್ ಒತ್ತಬೇಡಿ. ಚಕ್ರ ನಿಂತ ಮೇಲೆ ಡಿಫರೆನ್ಷಿಯಲ್ ಲಾಕ್ ಹಾಕಿ, ನೇರವಾಗಿ ಆಚೆ ಬನ್ನಿ, ತಿರುಗಿಸೋಕೆ ಮುಂಚೆ ಬಿಡಿಸಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡೋರಿಗೆ ನಾನು ಏನೂ ಹೇಳಲ್ಲ, ಅವರ ಮನೆಯವರು ಹೇಳಲಿ.

ಸದ್ದು ಬಂದರೆ ಮೇಸ್ತ್ರಿ ಹತ್ತಿರ ಹೋಗೋ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ, ಬರಿಗೈಯಲ್ಲಿ ಹೋದರೆ ಅವನು ಹೇಳಿದ್ದೇ ವೇದ. ನ್ಯೂಟ್ರಲ್ಲಿನಲ್ಲಿ ಇಂಜಿನ್ ಓಡಲಿ. ಸದ್ದು ಇದ್ದು, ಕ್ಲಚ್ ಪೂರ್ತಿ ತುಳಿದರೆ ನಿಂತಿತೋ, ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಮೇಲೆ ಅನುಮಾನ. ತುಳಿದಾಗ ಮಾತ್ರ ಬಂತೋ, ಕ್ಲಚ್ ಬೇರಿಂಗ್. ಒಂದೇ ಗೇರಿನಲ್ಲಿ ಬಂದರೆ ಆ ಗೇರು. ತಿರುವಿನಲ್ಲಿ ಮಾತ್ರ ಬಂದರೆ ಡಿಫರೆನ್ಷಿಯಲ್. ಕ್ಲಚ್ ಮನೆಯ ಕೆಳಗೆ ಸ್ಪ್ಲಿಟ್ ಪಿನ್ ಹಾಕಿದ ಸಣ್ಣ ತೂತು ಇದ್ದರೆ ಅದನ್ನೂ ನೋಡಿ. ಅಲ್ಲಿಂದ ಕರಿ ಆಯಿಲ್ ತೊಟ್ಟಿಕ್ಕಿದರೆ ಇಂಜಿನ್ ಕಡೆಯ ಸೀಲು, ಗೇರ್ ಆಯಿಲಿನ ಬಣ್ಣ ಇದ್ದರೆ ಈ ಕಡೆಯದು. ಬಿಚ್ಚಿದ ಮೇಲೆ ಹಳೇ ಸಾಮಾನನ್ನು ಕೈಗೆ ಕೊಡಿ ಅಂತ ಕೇಳಿ. ಒಮ್ಮೆ ಟ್ರ್ಯಾಕ್ಟರನ್ನು ಎರಡು ಭಾಗ ಮಾಡಿದ ಮೇಲೆ ಸೀಲಿನ ದುಡ್ಡಿಗೆ ಜಿಪುಣತನ ಮಾಡಬೇಡಿ, ಮತ್ತೆ ಬಿಚ್ಚೋ ಕೂಲಿ ಸೀಲಿನ ಬೆಲೆಯ ಎಷ್ಟೋ ಪಟ್ಟು.

"ಇಷ್ಟೆಲ್ಲ ಯಾಕೆ, ಹೊಸದು ತಗೊಳ್ಳಿ" ಅನ್ನೋರೂ ಇದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿಯಿತು, ಒಳ್ಳೇದೇ. ಆದರೆ ತೆರಿಗೆ ಇಳಿದರೂ ಕಂತು ಕಂತೇ. ಎರಡು ಮೂರು ಎಕರೆಯವನಿಗೆ ಸಾಲ ತೀರಿದ ಹಳೇ ಟ್ರ್ಯಾಕ್ಟರ್ ಮನೆಯಲ್ಲಿರೋ ಆಸ್ತಿ. ಎಚ್‌ಎಂಟಿ ಇಟ್ಟುಕೊಂಡಿರೋರಿಗೆ ಇನ್ನೊಂದು ಮಾತು. 1971ರಲ್ಲಿ ಪಿಂಜೋರಿನಲ್ಲಿ ಜೆಟೋರ್ ಸಹಯೋಗದಿಂದ ಶುರುವಾದ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚೋಕೆ ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ತಯಾರಿಸಿದವರೇ ಇಲ್ಲದ ಮೇಲೆ ಒಡೆದ ಗೇರಿಗೆ ಸಿಕ್ಕಿದ ಸಾಮಾನೇ ಗತಿ. ಹಲ್ಲಿನ ಲೆಕ್ಕ, ಅಳತೆ ಹಳೆಯದರ ಜೊತೆ ಇಟ್ಟು ನೋಡದೆ ತರಬೇಡಿ.

ಆ ರಬ್ಬರ್ ಕಟ್ಟಿದ ಹುಡುಗ ಇನ್ನೂ ನಮ್ಮಲ್ಲೇ ಇದ್ದಾನೆ. ತಪ್ಪು ಅವನದಲ್ಲ, ಭಲೇ ಅಂದವನದು. ಈಗ ನಾಟಿ ಮುಗಿದ ಮಾರನೇ ದಿನ ಬೆಳಿಗ್ಗೆ ಗಾಜಿನ ಲೋಟ ಹಿಡಿಯೋದು ಅವನೇ. ಹೋದ ಸಲ ಅರ್ಧ ಲೋಟ ನೀರು ಬಂತು. ಲಿವರಿನ ಬೂಟು ಹರಿದಿತ್ತು, ಅವತ್ತೇ ಪೇಟೆಗೆ ಹೋಗಿ ಹೊಸದು ತಂದು ಹಾಕಿದ.